ಕಾಡೂ ಅಲ್ಲ, ಬೀಳೂ ಅಲ್ಲ: ಜಟಿಂಗ ರಾಮೇಶ್ವರದ ಕೆಳಗಿನ ಹುಲ್ಲಿನ ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಯನ್ನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

2017ರ ಜೂನ್ ತಿಂಗಳು. ನಾನು ಬಿ.ಕಾಂ. ಓದ್ತಿದ್ದೆ. ನಾವೊಂದಿಷ್ಟು ಹುಡುಗರು ಮಣ್ಣು, ಸಗಣಿ ಕಲಸಿ ಬೀಜದುಂಡೆ ಮಾಡಿ, ಎರಡು ಚೀಲ ತುಂಬಿಕೊಂಡು ಜಟಿಂಗ ರಾಮೇಶ್ವರ ಬೆಟ್ಟದ ಬುಡಕ್ಕೆ ಹೋಗಿದ್ವಿ. ಹೊಂಗೆ, ಬೇವು, ಹುಣಸೆ ಬೀಜ. ಅಲ್ಲಿನ ಬಯಲಿನ ತುಂಬ ಎಸೆದ್ವಿ, ಫೋಟೋ ಹೊಡ್ಕೊಂಡ್ವಿ, ಸ್ಟೇಟಸ್ ಹಾಕಿದ್ವಿ. ‘ಬರಡು ನೆಲಕ್ಕೆ ಹಸಿರು ಉಡುಗೊರೆ’ ಅಂತ ಕ್ಯಾಪ್ಷನ್ ಬರೆದವನು ನಾನೇ.

ಅಲ್ಲೇ ಕುರಿ ಕಾಯ್ತಿದ್ದ ಒಬ್ಬ ತಾತ ನಮ್ಮನ್ನ ನೋಡ್ತಾ ನಿಂತಿದ್ರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ‘ಇಲ್ಲೆಲ್ಲಾ ಗಿಡ ಆಗ್ಬಿಟ್ರೆ ಕುರಿ ಏನ್ ಮೇಯಬೇಕಪ್ಪಾ?’ ಅಂತ ಕೇಳಿದ್ರು. ನಾವು ನಕ್ಕುಬಿಟ್ವಿ. ಪಾಪ, ತಾತನಿಗೆ ಪರಿಸರದ ಬಗ್ಗೆ ಗೊತ್ತಿಲ್ಲ ಅಂದ್ಕೊಂಡ್ವಿ. ಆ ಪ್ರಶ್ನೆಗೆ ಉತ್ತರ ಹುಡುಕೋಕೆ ನನಗೆ ಇಷ್ಟು ವರ್ಷ ಬೇಕಾಯ್ತು. ಈ ಸಂಚಿಕೆ ಆ ಉತ್ತರ.

ಬೆಟ್ಟದ ಮೇಲಿನ ಅಕ್ಷರ, ಕೆಳಗಿನ ದನ

ಮೊದಲು ಜಾಗ ಹೇಳಿಬಿಡ್ತೀನಿ. ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮುರು ತಾಲ್ಲೂಕು. ಮೊಳಕಾಲ್ಮುರು ಅಂದ ತಕ್ಷಣ ರೇಷ್ಮೆ ಸೀರೆ ನೆನಪಾಗುತ್ತೆ, ಪಕ್ಕದ ಚಳ್ಳಕೆರೆ ಅಂದ್ರೆ ಶೇಂಗಾ ಎಣ್ಣೆ ಮಿಲ್ಲು. ಇವೆರಡರ ನಡುವಿನ ಸೀಮೆಯಲ್ಲಿ, ಸಮುದ್ರಮಟ್ಟದಿಂದ 3,400 ಅಡಿಗೂ ಎತ್ತರದ ಕಲ್ಲುಬೆಟ್ಟ ಜಟಿಂಗ ರಾಮೇಶ್ವರ. ಸೀತೆಯನ್ನ ಹೊತ್ತೊಯ್ಯುವಾಗ ರಾವಣನನ್ನ ತಡೆದ ಜಟಾಯು ಬಿದ್ದದ್ದು ಇಲ್ಲೇ ಅಂತ ಊರವರ ನಂಬಿಕೆ. ತುದಿಯಲ್ಲಿ ರಾಮೇಶ್ವರನ ಗುಡಿ ಇದೆ.

ಗುಡಿಗೆ ಹೋಗುವ ದಾರಿಯಲ್ಲಿ ಒಂದು ಓರೆ ಬಂಡೆ. ಅದರ ಮೇಲೆ ಸಾಮ್ರಾಟ ಅಶೋಕನ ಶಾಸನ ಇದೆ, ಕ್ರಿ.ಪೂ. 3ನೇ ಶತಮಾನದ್ದು. ಹತ್ತಿರದ ಬ್ರಹ್ಮಗಿರಿ ಮತ್ತು ಸಿದ್ದಾಪುರದಲ್ಲೂ ಅದೇ ಶಾಸನದ ಪ್ರತಿಗಳಿವೆ. ಮೈಸೂರು ಸಂಸ್ಥಾನದಲ್ಲಿ ಶಾಸನಗಳನ್ನು ಹುಡುಕುತ್ತಿದ್ದ ಬಿ.ಎಲ್. ರೈಸ್ 1890ರ ದಶಕದ ಆರಂಭದಲ್ಲಿ ಮೂರನ್ನೂ ಲೋಕಕ್ಕೆ ಪರಿಚಯಿಸಿದರು. ಆದರೆ ಊರವರಿಗೆ ಆ ಬಂಡೆಗಳು ಮೊದಲೇ ಗೊತ್ತಿದ್ದವು, ಬೇರೆ ಹೆಸರಲ್ಲಿ. ಬ್ರಹ್ಮಗಿರಿಯದು ಅಕ್ಷರಗುಂಡು. ಸಿದ್ದಾಪುರದ್ದಕ್ಕೆ ಎಮ್ಮೆ ಕಾಯುವವನ ಹೆಸರು. ಜಟಿಂಗ ರಾಮೇಶ್ವರದ್ದು ಬಳೆಗಾರನ ಗುಂಡು, ಯಾಕಂದ್ರೆ ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೇ ಅಂಗಡಿ ಹಾಕ್ತಿದ್ರು. ಶಾಸನ ಸವೆದುಹೋಗೋದಕ್ಕೆ ಅದೂ ಒಂದು ಕಾರಣ.

ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಬಗ್ಗೆ ದಯೆ ಇರಲಿ, ಸತ್ಯ ಹೇಳಿ ಅಂತ ಈ ಶಾಸನಗಳು ಹೇಳ್ತವೆ. ಉತ್ತರ ಭಾರತದ ಕಂಬಗಳ ಮೇಲೆ ಅಶೋಕ ಬರೆಸಿದ 5ನೇ ಸ್ತಂಭ ಶಾಸನದಲ್ಲಿ ಇನ್ನೊಂದು ಆಜ್ಞೆ ಇದೆ: ಕಾರಣವಿಲ್ಲದೆ ಅಥವಾ ಜೀವಿಗಳನ್ನು ಕೊಲ್ಲುವುದಕ್ಕಾಗಿ ಕಾಡಿಗೆ ಬೆಂಕಿ ಹಚ್ಚಬಾರದು. ಅಂದ್ರೆ 2,200 ವರ್ಷಗಳ ಹಿಂದೆಯೇ ಕಾಡಿಗೆ ಬೆಂಕಿ ಇಡೋದು ರಾಜಾಜ್ಞೆ ಹೊರಡಿಸಬೇಕಾದಷ್ಟು ಸಾಮಾನ್ಯ ವಿಷಯ ಆಗಿತ್ತು.

ಹಾಗಾದ್ರೆ ಆಗ ಈ ಬಯಲಲ್ಲಿ ದಟ್ಟ ಕಾಡು ಇತ್ತಾ? ನಾವು ಬೀಜದುಂಡೆ ಎಸೆದಾಗ ನಮ್ಮ ತಲೇಲಿ ಇದ್ದಿದ್ದು ಅದೇ. ಒಂದಾನೊಂದು ಕಾಲದಲ್ಲಿ ಕಾಡಿತ್ತು, ಜನ ಕಡಿದರು, ದನಕುರಿ ತಿಂದವು, ಬರಡಾಯ್ತು, ಈಗ ನಾವು ವಾಪಸ್ ತರ್ತೀವಿ. ಚೆಂದದ ಕಥೆ. ಆದರೆ ಈ ಸೀಮೆಯ ನೆಲ ಬೇರೆ ಸಾಕ್ಷಿ ಹೇಳುತ್ತೆ.

1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಬುಡದಲ್ಲಿ ಅಗೆಸಿದಾಗ ಅಶೋಕನಿಗಿಂತ ಎಷ್ಟೋ ಹಿಂದಿನ, ನಯಗೊಳಿಸಿದ ಕಲ್ಲಿನ ಕೊಡಲಿ ಬಳಸುತ್ತಿದ್ದ ಜನರ ನೆಲೆ ಸಿಕ್ಕಿತು. ಇಲ್ಲಿಂದ ಬಳ್ಳಾರಿ ಕಡೆಗೆ ಹೋದರೆ ಸಂಗನಕಲ್ಲು, ಕುಪ್ಪಗಲ್ಲು, ಕುಡತಿನಿ. ಅಲ್ಲೆಲ್ಲ ಬೂದಿಯ ದಿಬ್ಬಗಳಿವೆ. ರಾಕ್ಷಸನನ್ನ ಸುಟ್ಟ ಬೂದಿ ಅಂತ ಜನ ಹೇಳ್ತಿದ್ರು. ಪುರಾತತ್ವದವರು ಪರೀಕ್ಷಿಸಿದಾಗ ಅದು ಸಗಣಿಯ ಬೂದಿ ಅಂತ ಗೊತ್ತಾಯ್ತು. ದೊಡ್ಡಿ ಕಟ್ಟಿ ದನ ಕೂಡಿ, ರಾಶಿಬಿದ್ದ ಸಗಣಿಯನ್ನ ಮತ್ತೆ ಮತ್ತೆ ಸುಟ್ಟಿದ್ದರಿಂದ ಆದ ದಿಬ್ಬಗಳು. ವಯಸ್ಸು 4,000 ವರ್ಷಕ್ಕೂ ಮೇಲೆ. ಎಫ್.ಆರ್. ಆಲ್ಚಿನ್ 1963ರಲ್ಲಿ ಈ ಜನರ ಬಗ್ಗೆ ಇಡೀ ಪುಸ್ತಕವನ್ನೇ ಬರೆದರು.

ಯೋಚನೆ ಮಾಡಿ. ಅಷ್ಟೊಂದು ಸಗಣಿ ಬೇಕಂದ್ರೆ ಎಷ್ಟು ದನ ಬೇಕು? ಅಷ್ಟು ದನಕ್ಕೆ ಎಷ್ಟು ಹುಲ್ಲು ಬೇಕು? ಬೇಸಾಯ ಇಲ್ಲಿ ಹರಡೋಕೆ ಮೊದಲೇ ಇದು ದನಗಾಹಿಗಳ, ಹುಲ್ಲಿನ ಸೀಮೆ.

ಏಣಿಯ ಕೊನೆಯ ಮೆಟ್ಟಿಲು ಯಾವುದು?

ಈಗ ಸ್ವಲ್ಪ ವಿಜ್ಞಾನ. ಬೋರ್ ಹೊಡೆಸಲ್ಲ, ಬೆಟ್ಟ ಹತ್ತುತ್ತಾ ಹೇಳ್ತೀನಿ.

ಬೋಳು ಬಂಡೆ ನೋಡಿ. ಅದರ ಮೇಲೆ ಬೂದಿ ಬಣ್ಣದ ತೇಪೆಗಳಿವೆಯಲ್ಲ, ಅದು ಕಲ್ಲುಹೂವು. ಅದು ಕಲ್ಲನ್ನ ನಿಧಾನಕ್ಕೆ ಸವೆಸುತ್ತೆ. ಬಂಡೆಯ ಸಂದಿಯಲ್ಲಿ ಚಿಟಿಕೆ ಮಣ್ಣು ನಿಲ್ಲುತ್ತೆ. ಮಳೆ ಬಂದಾಗ ಪಾಚಿ, ಆಮೇಲೆ ಹುಲ್ಲು. ಹುಲ್ಲು ಸತ್ತು ಮಣ್ಣು ಸೇರಿದ ಮೇಲೆ ತಂಗಡಿ, ಬಂದರೆ, ಕವಳೆ ಥರದ ಪೊದೆಗಳು. ನೀರು ನಿಲ್ಲುವ ಕೊರಕಲಲ್ಲಿ ಮರ. ಒಂದು ಸಸ್ಯ ಸಮೂಹ ಇನ್ನೊಂದಕ್ಕೆ ಜಾಗ ಸಿದ್ಧಮಾಡಿ ಹಿಂದೆ ಸರಿಯೋದನ್ನ ಸಸ್ಯ ಅನುಕ್ರಮ ಅಂತಾರೆ. ಅಮೆರಿಕದ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ ಇದನ್ನ ಒಂದು ದೊಡ್ಡ ಸಿದ್ಧಾಂತವಾಗಿ ಬರೆದ. ಅವನ ಪ್ರಕಾರ ಪ್ರತಿ ಹವಾಮಾನಕ್ಕೂ ಒಂದು ಕೊನೆಯ ಹಂತ ಇದೆ, ಪ್ರಕೃತಿ ಅಲ್ಲಿಗೆ ಹೋಗಿ ನಿಲ್ಲುತ್ತೆ.

ಈ ಏಣಿಯನ್ನ ನೋಡಿದ ಯಾರಿಗಾದ್ರೂ ಕೊನೆಯ ಮೆಟ್ಟಿಲು ಅಂದ್ರೆ ದಟ್ಟ ಕಾಡು ಅನ್ಸುತ್ತೆ. ಬ್ರಿಟಿಷರ ಕಾಲದ ಅರಣ್ಯ ಶಾಸ್ತ್ರಕ್ಕೂ ಹಾಗೇ ಅನ್ನಿಸ್ತು. ನಮ್ಮ ಹುಲ್ಲುಗಾವಲು, ಮುಳ್ಳುಕಾಡುಗಳಲ್ಲಿ ಬಹುಪಾಲನ್ನ ‘ಹಾಳಾದ ಕಾಡು’ ಅಂತಲೇ ಓದಲಾಯ್ತು. ಮಜಾ ಏನಂದ್ರೆ, ಕ್ಲೆಮೆಂಟ್ಸ್ ಹುಟ್ಟಿ ಬೆಳೆದದ್ದು ನೆಬ್ರಾಸ್ಕಾ ಅನ್ನೋ ಹುಲ್ಲುಗಾವಲಿನ ರಾಜ್ಯದಲ್ಲಿ. ಅಲ್ಲಿನ ಹವೆಗೆ ಹುಲ್ಲುಗಾವಲೇ ಕೊನೆಯ ಹಂತ ಅಂತ ಅವನೇ ಒಪ್ಪಿದ್ದ.

ನಮ್ಮ ಹವೆಗೆ? ಚಳ್ಳಕೆರೆ, ಮೊಳಕಾಲ್ಮುರು ಕಡೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಎಷ್ಟೋ ವರ್ಷ ಅದೂ ಇಲ್ಲ. ಅದೇ ರಾಜ್ಯದ ಆಗುಂಬೆಯಲ್ಲಿ 7,000 ಮಿಲಿಮೀಟರ್ ದಾಟುತ್ತೆ. 2005ರಲ್ಲಿ ಮಹೇಶ್ ಶಂಕರನ್ ಮತ್ತು ಸಂಗಡಿಗರು ಆಫ್ರಿಕಾದ 850ಕ್ಕೂ ಹೆಚ್ಚು ಹುಲ್ಲುಗಾಡು ಜಾಗಗಳ ಲೆಕ್ಕ ಕೂಡಿಸಿ ಒಂದು ಅಧ್ಯಯನ ಪ್ರಕಟಿಸಿದರು. ಮಳೆ ಸುಮಾರು 650 ಮಿಲಿಮೀಟರ್‌ಗಿಂತ ಕಮ್ಮಿ ಇದ್ದ ಕಡೆ ಮರಗಳು ಎಷ್ಟು ದಟ್ಟವಾಗಬಹುದು ಅನ್ನೋದಕ್ಕೆ ನೀರೇ ಮಿತಿ ಹಾಕುತ್ತೆ. ಬೆಂಕಿ ಬೇಡ, ಮೇಯೋ ದನವೂ ಬೇಡ. ಅದಕ್ಕಿಂತ ಹೆಚ್ಚು ಮಳೆ ಬೀಳುವ ಕಡೆ ಹುಲ್ಲು ಉಳಿಯಬೇಕಾದ್ರೆ ಬೆಂಕಿ ಮತ್ತು ಮೇಯುವ ಪ್ರಾಣಿಗಳ ಸಹಾಯ ಬೇಕು. ಅದೇ ಶಂಕರನ್ ಮತ್ತು ಜಯಶ್ರೀ ರತ್ನಂ 2011ರಲ್ಲಿ ಸಹಲೇಖಕರ ಜೊತೆ ಇನ್ನೊಂದು ಪ್ರಬಂಧ ಬರೆದರು. ‘ಕಾಡು’ ಅಂತ ಕರೆಸಿಕೊಳ್ಳುವ ಏಷ್ಯಾದ ಎಷ್ಟೋ ಜಾಗಗಳು ನಿಜಕ್ಕೂ ಮರಗಳಿರುವ ಹುಲ್ಲುಗಾವಲುಗಳು, ಅದನ್ನ ಹಾಗೇ ಗುರುತಿಸದಿದ್ರೆ ತಪ್ಪು ಚಿಕಿತ್ಸೆ ಕೊಡ್ತೀವಿ ಅನ್ನೋದು ಅವರ ವಾದ.

ಆ ತಪ್ಪು ಚಿಕಿತ್ಸೆಯ ಒಂದು ಸಣ್ಣ ಡೋಸ್, ನಮ್ಮ ಎರಡು ಚೀಲ ಬೀಜದುಂಡೆ.

ಕಾವಲು ಅನ್ನೋ ಪದದಲ್ಲೇ ಇದೆ

ಹಾಗಂತ ಹುಲ್ಲು ತನ್ನಷ್ಟಕ್ಕೆ ತಾನೇ ಉಳಿಯುತ್ತೆ ಅಂತಲ್ಲ. ವರ್ಷಪೂರ್ತಿ ಮೇಯಿಸಿದ್ರೆ ದನ ಇಷ್ಟಪಡುವ ಹುಲ್ಲು ಮೊದಲು ಸಾಯುತ್ತೆ, ದನ ಮೂಸದ ತಂಗಡಿ ಉಳಿಯುತ್ತೆ. ಪೂರ್ತಿ ಬೇಲಿ ಹಾಕಿ ಬಿಟ್ರೆ ಹುಲ್ಲು ಒಣಗಿ ನಿಂತು, ಒಂದು ಬೀಡಿ ಕಿಡಿಗೆ ಬಯಲೇ ಉರಿಯುತ್ತೆ, ಇಲ್ಲಾಂದ್ರೆ ಪೊದೆ ತುಂಬ್ಕೊಳ್ಳುತ್ತೆ. ಎರಡರ ನಡುವೆ ದಾರಿ ಹುಡುಕಿದ ವ್ಯವಸ್ಥೆಯೊಂದು ನಮ್ಮಲ್ಲೇ ಇತ್ತು. ಅದರ ಹೆಸರೇ ಕಾವಲು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದ್ರೆ 1672ರಿಂದ 1704ರ ನಡುವೆ, ಅರಮನೆಯ ಹಸುಗಳಿಗಾಗಿ ‘ಬೆಣ್ಣೆ ಚಾವಡಿ’ ಅನ್ನೋ ಇಲಾಖೆ ಶುರುವಾಯ್ತು. ರಾಜ್ಯದ ಬೇರೆ ಬೇರೆ ಕಡೆ ಹುಲ್ಲುಗಾವಲುಗಳನ್ನ ಮೀಸಲಿಟ್ಟರು. ಹೈದರಾಲಿ ಅದನ್ನ ಸೈನ್ಯಕ್ಕೆ ಬಳಸಿದ. ಈ ಎತ್ತುಗಳ ಬಲದಿಂದಲೇ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಚಿದಂಬರಂ ತಲುಪಿದ ಅಂತ ದಾಖಲೆಗಳು ಹೇಳ್ತವೆ. ಟಿಪ್ಪು ಇಲಾಖೆಗೆ ಅಮೃತ್ ಮಹಲ್ ಅಂತ ಹೆಸರಿಟ್ಟು, ಸಾಕಣೆ ಹೇಗಿರಬೇಕು ಅಂತ ಹುಕುಂನಾಮೆ ಹೊರಡಿಸಿದ. 1799ರ ನಂತರ ಬ್ರಿಟಿಷರು ಇದೇ ಎತ್ತುಗಳಿಂದ ಫಿರಂಗಿ ಎಳೆಸಿದರು. 1860ರಲ್ಲಿ ದುಡ್ಡು ಉಳಿಸೋಕೆ ಅಂತ ಇಡೀ ಹಿಂಡನ್ನ ಮಾರಿಬಿಟ್ಟರು. ಆಮೇಲೆ ಎತ್ತು ಸಿಗದೆ ಒದ್ದಾಡಿ 1866ರಲ್ಲಿ ಮತ್ತೆ ಶುರುಮಾಡಿದರು! ಬಂಡವಾಳ ಮಾರಿ ಖರ್ಚು ಉಳಿಸಿದೆ ಅನ್ನೋ ಲೆಕ್ಕಿಗರು ಆಗಲೂ ಇದ್ರು.

ಇಲ್ಲಿ ನನಗೆ ಇಷ್ಟವಾದ ವಿಷಯ ಎತ್ತಿನ ಓಟ ಅಲ್ಲ, ಕಾವಲಿನ ವಿಂಗಡಣೆ. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಮೂರು ಥರ. ನೆರಳು ಮತ್ತು ನೀರು ಇರುವ ಕಡೆ ಬೇಸಿಗೆಯಲ್ಲಿ. ಉಳಿದವು ಹುಲ್ಲು, ನೀರು ನೋಡಿ ಆಯಾ ಕಾಲಕ್ಕೆ. ಹಿಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತಿತ್ತು, ಹಿಂದೆ ಬಿಟ್ಟ ಜಾಗದಲ್ಲಿ ಹುಲ್ಲು ಬೀಜ ಕಟ್ಟಿ ಉದುರಿಸುತ್ತಿತ್ತು. ಒಂದು ಕಾಲಕ್ಕೆ ಸಂಸ್ಥಾನದಲ್ಲಿ ಈ ಕಾವಲುಗಳು 4 ಲಕ್ಷ ಎಕರೆಗೂ ಹೆಚ್ಚಿದ್ದವು.

ಇದನ್ನ ಸ್ವರ್ಗ ಅಂತ ಹೇಳ್ತಿಲ್ಲ. ಕಾವಲು ಇದ್ದದ್ದು ರಾಜನ ಸೈನ್ಯಕ್ಕಾಗಿ, ಸುತ್ತಲಿನ ಊರಿನ ಬಡ ಕುರಿಗಾಹಿಗಾಗಿ ಅಲ್ಲ. ಸೈನ್ಯಕ್ಕೆ ಎತ್ತು ಬೇಡವಾದ ಮೇಲೆ ಊರ ದನಕುರಿಗಳಿಗೆ ಈ ಹುಲ್ಲೇ ಆಧಾರವಾಯ್ತು. ಚಳ್ಳಕೆರೆ ಕಂಬಳಿ ಅಂತ ಹೆಸರಾಗಿರೋದರ ಹಿಂದೆ ಕುರಿ ಇದೆ, ಕುರಿಯ ಹಿಂದೆ ಈ ಬಯಲಿದೆ. ಇಲ್ಲಿನ ಮ್ಯಾಸಬೇಡರು ದೇವರ ಎತ್ತುಗಳ ಹಿಂಡು ಸಾಕ್ತಾರೆ, ಅವನ್ನ ನೋಡಿಕೊಳ್ಳೋರು ಕಿಲಾರಿಗಳು. ದೇವರಿಗೆ ಬಿಟ್ಟ ಆ ಎತ್ತುಗಳಿಗೂ ಬೇಕಾಗಿರೋದು ಬಯಲ ಮೇವೇ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿ ಹತ್ತಿರದ ಕ್ಯಾತೇದೇವರ ಜಾತ್ರೆಯಲ್ಲಿ ಕಾಡುಗೊಲ್ಲರು ಬಾರೆ ಮುಳ್ಳಿನಲ್ಲಿ ಗುಡಿ ಕಟ್ತಾರೆ, ಬರಿಗಾಲಲ್ಲಿ ಅದನ್ನ ಹತ್ತಿ ಕಳಸ ಇಳಿಸ್ತಾರೆ. ನಾವು ಕುರುಚಲು ಅಂತ ಮೂಗು ಮುರಿಯುವ ಗಿಡ ಅವರಿಗೆ ದೇವರ ಮನೆ.

ಅಸಲು, ಬಡ್ಡಿ ಮತ್ತು ಮಳೆ

ಸುಸ್ಥಿರ ಅರಣ್ಯ ನಿರ್ವಹಣೆ ಅನ್ನೋ ಮಾತು ಕೇಳಿರ್ತೀರಿ. ಅದರ ಬೇರು ಜರ್ಮನಿಯ ಸ್ಯಾಕ್ಸನಿಯಲ್ಲಿದೆ. ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ ಅಲ್ಲಿನ ಗಣಿ ಆಡಳಿತದ ಅಧಿಕಾರಿ. ಬೆಳ್ಳಿ ಅದಿರು ಕರಗಿಸೋಕೆ ಸೌದೆ ಬೇಕು, ಸೌದೆ ಮುಗೀತಾ ಬಂದಿದೆ. 1713ರಲ್ಲಿ ಅವನು ಬರೆದ ಪುಸ್ತಕದ ಸಾರ ಇಷ್ಟು: ಎಷ್ಟು ಬೆಳೆಯುತ್ತೋ ಅಷ್ಟೇ ಕಡಿ. ನಮ್ಮ ಕಾಮರ್ಸ್ ಭಾಷೆಯಲ್ಲಿ, ಅಸಲು ಮುಟ್ಟಬೇಡ, ಬಡ್ಡಿ ತಿನ್ನು. ಜರ್ಮನಿಯಿಂದ ಬಂದ ಡೀಟ್ರಿಚ್ ಬ್ರಾಂಡಿಸ್ 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದಾಗ ಈ ಲೆಕ್ಕವೂ ಜೊತೆಗೆ ಬಂತು.

ತೇಗದ ಕಾಡಿಗೆ ಈ ಲೆಕ್ಕ ಒಪ್ಪುತ್ತೆ. ಮರ ವರ್ಷ ವರ್ಷ ಹೆಚ್ಚುಕಮ್ಮಿ ಒಂದೇ ಸಮ ಬೆಳೆಯುತ್ತೆ, ಫಿಕ್ಸೆಡ್ ಡಿಪಾಸಿಟ್ ಥರ. ಚಳ್ಳಕೆರೆಯ ಹುಲ್ಲು ಹಾಗಲ್ಲ. ಒಂದು ವರ್ಷ ಸೊಂಟದವರೆಗೆ ಬರುತ್ತೆ, ಮುಂದಿನ ವರ್ಷ ಏನೂ ಇಲ್ಲ. ಬಡ್ಡಿ ದರವೇ ಮಳೆ ಜೊತೆ ಕುಣಿಯುವಾಗ ‘ವರ್ಷಕ್ಕೆ ಇಷ್ಟು’ ಅಂತ ನಿಗದಿ ಮಾಡೋದು ಹೇಗೆ? ಕುರಿಗಾಹಿಯ ಉತ್ತರ: ಜಾಗ ಬಿಟ್ಟು ನಡೆ. ಮಳೆ ಎಲ್ಲಿ ಬಿತ್ತೋ ಅಲ್ಲಿಗೆ ಹೋಗು. ಅಲೆಮಾರಿತನವನ್ನ ನಾವು ಬಡತನ ಅಂದ್ಕೊಂಡಿದ್ವಿ. ಅದು ಒಂದು ಲೆಕ್ಕಾಚಾರ. ನಡೆಯೋಕೆ ದಾರಿ, ನಿಲ್ಲೋಕೆ ಬಯಲು ಇದ್ದಾಗ ಮಾತ್ರ ಕೂಡಿಬರುವ ಲೆಕ್ಕ.

ಬಂದ ಅತಿಥಿ, ಬಂದ ಬೇಲಿ

ಈ ಲೆಕ್ಕ ಎರಡು ಕಡೆಯಿಂದ ತಪ್ಪಿತು.

ಮೊದಲನೇದು ಬಳ್ಳಾರಿ ಜಾಲಿ. ಹೆಸರು ನಮ್ಮದು, ಗಿಡ ಅಮೆರಿಕ ಖಂಡದ್ದು. 1877ರ ಸುಮಾರಿಗೆ, ಇಲ್ಲಿಂದ ತುಂಬಾ ದೂರವಿಲ್ಲದ ಕಡಪ ಜಿಲ್ಲೆಯಲ್ಲಿ ಬರನಾಡಿಗೆ ಸೌದೆ ಆಗಲಿ ಅಂತ ನೆಟ್ಟರು. ಉದ್ದೇಶ ಕೆಟ್ಟದ್ದಲ್ಲ. ಕುರಿ, ಮೇಕೆ ಅದರ ಸಿಹಿ ಕಾಯಿ ತಿಂತಾವೆ, ಬೀಜ ಹಿಕ್ಕೆಯಲ್ಲಿ ಊರೂರು ಸುತ್ತುತ್ತೆ. ಬೇರು ಆಳಕ್ಕಿಳಿದು ತಳದ ನೀರು ಹೀರುತ್ತೆ, ಹಾಗಾಗಿ ಮೇಲಿನ ಮಳೆ ಹಾಕುವ ಮಿತಿ ಅದಕ್ಕೆ ಅಷ್ಟಾಗಿ ತಟ್ಟಲ್ಲ. ಅದರ ಕೆಳಗೆ ಹುಲ್ಲೂ ಬರಲ್ಲ, ನಮ್ಮ ಕಮರದ ಸಸಿಯೂ ಏಳಲ್ಲ. ಅನುಕ್ರಮದ ಏಣಿ ಅಲ್ಲಿಗೆ ಸಿಕ್ಕಿಹಾಕ್ಕೊಳ್ಳುತ್ತೆ. ಸ್ಯಾಟಲೈಟ್ ಫೋಟೋದಲ್ಲಿ ಮಾತ್ರ ಹಸಿರು ಚೆನ್ನಾಗಿ ಕಾಣುತ್ತೆ.

ನಮ್ಮ ಸೋದರಮಾವ ಒಂದು ಕಾಲಕ್ಕೆ 60 ಕುರಿ ಇಟ್ಟಿದ್ರು. ಅವರೂರಿನ ಗೋಮಾಳ ಈಗ ಪೂರ್ತಿ ಜಾಲಿ. ಈ ಸಲ ಹೋದಾಗ ಹಿತ್ತಲಲ್ಲಿ 11 ಕುರಿ ಇದ್ದವು. ‘ಮಾವ, ಗೋಮಾಳ ಹಸಿರಾಗೈತಲ್ಲ’ ಅಂತ ತಮಾಷೆಗೆ ಅಂದೆ. ‘ಹಸಿರೇನೋ ಆಗೈತೆ, ಒಳಗೆ ಕಾಲಿಡಾಕ್ ಜಾಗ ಇಲ್ಲ ನೋಡು’ ಅಂದ್ರು. ನ್ಯಾಯವಾಗಿ ಹೇಳಬೇಕಂದ್ರೆ, ಅವರ ಮನೆ ಒಲೆ ಉರಿಯೋದೂ ಅದೇ ಜಾಲಿ ಸೌದೆಯಿಂದ. ಇದ್ದಿಲು ಸುಟ್ಟು ಕೂಲಿ ಮಾಡೋರೂ ಆ ಊರಲ್ಲಿ ಇದ್ದಾರೆ.

ಎರಡನೇದು ಬೇಲಿ. 2008ರ ನಂತರದ ವರ್ಷಗಳಲ್ಲಿ ಚಳ್ಳಕೆರೆಯ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು 10,000 ಎಕರೆ ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿಕೆ ಆಯ್ತು. ಡಿಆರ್‌ಡಿಒಗೆ 4,290 ಎಕರೆ, ಬಾಬಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯ್ತು. 2013ರಲ್ಲಿ ಕೆಲಸಕ್ಕೆ ತಡೆ ಬಂತು. 2014ರ ಆಗಸ್ಟ್‌ನ ಅಂತಿಮ ತೀರ್ಪು, ಬೇಕಾದ ಅನುಮತಿಗಳನ್ನು ಪಡೆದು ಯೋಜನೆಗಳು ಮುಂದುವರಿಯಲು ಅವಕಾಶ ಕೊಟ್ಟಿತು. 2017ರ ಮೇ ತಿಂಗಳಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆ ಆಯ್ತು. ನಾವು ಬೀಜದುಂಡೆ ಎಸೆದದ್ದು ಅದರ ಮುಂದಿನ ತಿಂಗಳೇ.

2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ರಾಕೆಟ್ ಮಾದರಿಯನ್ನ ಹೆಲಿಕಾಪ್ಟರ್‌ನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಾಗ, ಅದು ತಾನೇ ಹಾರಿ ಬಂದು ಅಲ್ಲಿನ ರನ್‌ವೇ ಮೇಲೆ ಇಳೀತು. ಆ ವಿಡಿಯೋ ನೋಡಿ ನಾನೂ ಶಿಳ್ಳೆ ಹೊಡೆದವನೇ. ನಮ್ಮ ಚಳ್ಳಕೆರೆ ಅಂತ ಹತ್ತು ಜನಕ್ಕೆ ಕಳಿಸಿದೆ. ಆ ಹೆಮ್ಮೆ ಸುಳ್ಳಲ್ಲ. ಆದರೆ ನನಗೆ ಈಗ ಕಾಡೋ ಪ್ರಶ್ನೆ ಬೇರೆ. ಇಷ್ಟು ದೊಡ್ಡ ನೆಲ ಇಷ್ಟು ಸುಲಭಕ್ಕೆ ‘ಖಾಲಿ’ ಅಂತ ಯಾಕೆ ಕಂಡಿತು? ಆಗುಂಬೆಯ ಕಾಡನ್ನ ಯಾರೂ ಖಾಲಿ ಅನ್ನಲ್ಲ. ಹುಲ್ಲನ್ನ ಅಂತಾರೆ. ಯಾಕಂದ್ರೆ ಹುಲ್ಲುಗಾವಲಿನ ಸಂಪತ್ತು ಕಣ್ಣಿಗೆ ಬೀಳಲ್ಲ. ಅದು ಹೀರಿಕೊಂಡ ಇಂಗಾಲದ ಹೆಚ್ಚಿನ ಪಾಲು ಬೇರಲ್ಲಿ, ಮಣ್ಣಲ್ಲಿ ಇರುತ್ತೆ. ಉಳಿದದ್ದು ಕುರಿಯಾಗಿ, ಕಂಬಳಿಯಾಗಿ ನಡೆದು ಹೋಗಿರುತ್ತೆ.

ನೆಲವನ್ನ ಖಾಲಿ ಅಂದುಕೊಂಡ ಮೇಲೆ ಏನು ಬೇಕಾದ್ರೂ ತುಂಬಬಹುದು. ರನ್‌ವೇ ತುಂಬಬಹುದು, ನೀಲಗಿರಿ ತುಂಬಬಹುದು, ಬೀಜದುಂಡೆ ತುಂಬಬಹುದು. ಉದ್ದೇಶ ಬೇರೆ ಬೇರೆ, ನೋಡುವ ಕಣ್ಣು ಒಂದೇ. ಅಳತೆ ಚಿಕ್ಕದಿದ್ದರೂ, ಆ ಕಣ್ಣು ನನ್ನದೂ ಆಗಿತ್ತು.

ಹಾಗಾದ್ರೆ ಏನು ಮಾಡೋದು?

ಗಿಡ ನೆಡಬೇಡಿ ಅಂತ ಹೇಳ್ತಿಲ್ಲ. ಊರ ಬದುವಿನಲ್ಲಿ, ಕೆರೆ ಏರಿ ಮೇಲೆ, ರಸ್ತೆ ಬದಿಯಲ್ಲಿ ನೆಡಿ. ಅಶೋಕ ಕೂಡ ದಾರಿ ಬದಿಯಲ್ಲಿ ಆಲದ ಮರ ನೆಡಿಸಿದೆ ಅಂತ 7ನೇ ಸ್ತಂಭ ಶಾಸನದಲ್ಲಿ ಹೇಳ್ಕೊಂಡಿದ್ದಾನೆ. ಆದರೆ ಬಯಲಿಗೆ ಹೋಗುವ ಮುಂಚೆ ಮೂರು ಪ್ರಶ್ನೆ ಕೇಳಿ. ಇಲ್ಲಿ ಎಷ್ಟು ಮಳೆ ಬೀಳುತ್ತೆ? ಈಗ ಇಲ್ಲಿ ಏನು ಬೆಳೀತಿದೆ, ಅದನ್ನ ಯಾರು, ಯಾವ ತಿಂಗಳಲ್ಲಿ ಬಳಸ್ತಾರೆ? ನೂರು ವರ್ಷದ ಹಿಂದೆ ಇದರ ಹೆಸರೇನಿತ್ತು? ಹಳೇ ಪಹಣಿಯಲ್ಲಿ, ಹಿರಿಯರ ಬಾಯಲ್ಲಿ ‘ಕಾವಲು’ ಅಂತ ಬಂದ್ರೆ ಚೀಲ ಕೆಳಗಿಡಿ. ಕೈ ತುರಿಸಿದ್ರೆ ಬಳ್ಳಾರಿ ಜಾಲಿ ಕೀಳೋ ಕೆಲಸ ಬೇಕಾದಷ್ಟಿದೆ. ಆದ್ರೆ ಅದಕ್ಕೂ ಮೊದಲು ಊರವರನ್ನ ಕೇಳಿ, ಯಾಕಂದ್ರೆ ಅದರ ಸೌದೆ ಮೇಲೆ ಯಾರದ್ದೋ ಒಲೆ ನಿಂತಿರುತ್ತೆ.

ಹೋದ ತಿಂಗಳು ಮತ್ತೆ ಜಟಿಂಗ ರಾಮೇಶ್ವರಕ್ಕೆ ಹೋಗಿದ್ದೆ. ಬಳೆಗಾರನ ಗುಂಡಿನ ಹತ್ತಿರ ಕೂತು ಕೆಳಗೆ ನೋಡಿದೆ. ನಾವು ಎಸೆದ ಬೀಜದಲ್ಲಿ ಒಂದಾದ್ರೂ ಮರ ಆಗಿದೆಯಾ ಅಂತ ಹುಡುಕಿದೆ. ಕಾಣಲಿಲ್ಲ. ಬಯಲು ನಮ್ಮ ಉಡುಗೊರೆಯನ್ನ ಸದ್ದಿಲ್ಲದೆ ವಾಪಸ್ ಕೊಟ್ಟಿತ್ತು. ಮಳೆ ಆಗಿತ್ತು, ಹುಲ್ಲು ಎದ್ದಿತ್ತು, ದೂರದಲ್ಲಿ ಒಂದು ಹಿಂಡು ಕುರಿ ಕರಿ ಚುಕ್ಕೆಗಳ ಥರ ಸರೀತಿತ್ತು. ಕಾಯ್ತಿದ್ದವರು ಆ ತಾತನೇ ಇರಬಹುದಾ ಅಂತ ಇಳಿದು ಹೋದೆ. ಅಲ್ಲ, ಬೇರೆ ಯಾರೋ, ನನ್ನಷ್ಟೇ ವಯಸ್ಸಿನ ಹುಡುಗ. ಕಿವಿಯಲ್ಲಿ ಇಯರ್‌ಫೋನ್ ಇತ್ತು. ಏನು ಕೇಳ್ತಿದ್ದೀಯ ಅಂತ ಕೇಳಲಿಲ್ಲ. ‘ಈ ವರ್ಷ ಹುಲ್ಲು ಹೆಂಗೈತೆ?’ ಅಂತ ಕೇಳಿದೆ. ಅರ್ಧ ಗಂಟೆ ಮಾತಾಡಿದ.

ನಿಮ್ಮೂರಲ್ಲೂ ಇಂಥ ಕಾವಲು, ಗೋಮಾಳ, ಹುಲ್ಲುಬನ್ನಿ ಇದ್ರೆ ಅದರ ಹಳೇ ಹೆಸರು ಹಿರಿಯರ ಹತ್ರ ಕೇಳಿ, ಒಂದು ವಾಯ್ಸ್ ನೋಟ್ ಮಾಡಿ ನನಗೆ ಕಳಿಸಿ. ಮುಂದೊಂದು ಸಂಚಿಕೆಯಲ್ಲಿ ಆ ಹೆಸರುಗಳನ್ನೇ ಕೇಳೋಣ.